ಹಾಸಿಗೆಯಕ್ಕ ಕೊಟ್ಟ ಫೋಟೊ

ಹೋದ ತಿಂಗಳು ಚಾಮರಾಜನಗರದ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ನನ್ನ ಫೋನು ಚಾರ್ಜು ಹಿಡಿಯುತ್ತಿರಲಿಲ್ಲ. ಅಂಗಡಿಯವನು ಅದನ್ನು ಬಿಚ್ಚಿ ಹರಡಿಕೊಂಡು, ಕಾದ ಕಡ್ಡಿಯ ತುದಿಯನ್ನು ರಾಳಕ್ಕೆ ಮುಟ್ಟಿಸಿ ಬೆಸುಗೆ ಹಾಕಿದ. ಚುಯ್ ಅಂತ ಒಂದೆಳೆ ಹೊಗೆ ಎದ್ದಿತು ನೋಡಿ... ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಆ ಅಂಗಡಿಯಲ್ಲೇ ಇರಲಿಲ್ಲ. ಗುಂಡ್ಲುಪೇಟೆಯಿಂದಾಚೆ, ದಿಣ್ಣೆ ಮೇಲಿದ್ದ ನಮ್ಮ ಟಿವಿ ಸ್ಟೇಷನ್ನಿನ ತಣ್ಣನೆಯ ಕೋಣೆಯಲ್ಲಿದ್ದೆ. ಹೊರಗೆ ಗೇಟಿನ ಹತ್ತಿರ ಹಾಸಿಗೆಯಕ್ಕ ಮಗು ಎತ್ತಿಕೊಂಡು ನಿಂತಿದ್ದಳು.

ಟಿವಿ ಸ್ಟೇಷನ್ ಅಂದ ತಕ್ಷಣ ಏನೋ ದೊಡ್ಡದು ಅಂದುಕೊಳ್ಳಬೇಡಿ. ಎರಡು ಕೋಣೆ, ಒಂದು ಜನರೇಟರ್ ಶೆಡ್ಡು, ಆಕಾಶ ನೋಡುತ್ತಿದ್ದ ಒಂದು ಭಾರಿ ಡಿಷ್ಷು, ಪಕ್ಕದಲ್ಲಿ ಕಬ್ಬಿಣದ ಟವರು. ದೆಹಲಿಯಿಂದಲೋ ಬೆಂಗಳೂರಿನಿಂದಲೋ ಬಂದದ್ದನ್ನು ಡಿಷ್ಷು ಹಿಡಿಯುವುದು, ಟವರು ಅದನ್ನು ಸುತ್ತಲಿನ ಊರುಗಳಿಗೆ ಹಂಚುವುದು. ಅಷ್ಟೇ ಕಣ್ರೀ. ನಮ್ಮಲ್ಲಿ ಕ್ಯಾಮೆರಾ ಇರಲಿಲ್ಲ, ಮೈಕು ಇರಲಿಲ್ಲ, ಪರದೆ ಮೇಲೆ ನಾವಾಗಿ ಒಂದು ಅಕ್ಷರ ಮೂಡಿಸುವ ತಾಕತ್ತೂ ಇರಲಿಲ್ಲ. ಟೆಕ್ನಿಷಿಯನ್ ಅಂತ ನನಗೆ ಹೆಸರು. ಗಂಟೆಗೊಮ್ಮೆ ಮೀಟರು ನೋಡಿ ರಿಜಿಸ್ಟರಿಗೆ ಬರೆಯುವುದು, ಕರೆಂಟು ಹೋದರೆ ಜನರೇಟರ್ ಹಾಕುವುದು, ಏನಾದರೂ ಕೆಟ್ಟರೆ ಬೆಸುಗೆ ಹಾಕುವುದು, ಇದೇ ಕೆಲಸ.

ಊರಿಗೆ ಇದು ಗೊತ್ತಿರಲಿಲ್ಲ. ಸ್ಟೇಷನ್ ಬರುವುದಕ್ಕೆ ಮುಂಚೆ ನಮ್ಮ ಕಡೆಯವರು ಏರಿಯಲ್ಲನ್ನು ತಮಿಳುನಾಡಿನ ಬೆಟ್ಟದ ಕಡೆ ತಿರುಗಿಸಿ, ಚುಕ್ಕಿ ಚುಕ್ಕಿಯ ನಡುವೆ ತಮಿಳು ಹಾಡು ನೋಡುತ್ತಿದ್ದರು. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಕನ್ನಡ ಸ್ಪಷ್ಟವಾಗಿ ಬಂತು. ತೆರಕಣಾಂಬಿಯಿಂದ ಜನ ಗಾಡಿ ಕಟ್ಟಿಕೊಂಡು ಬಂದು ಟವರು ಮುಟ್ಟಿ ನೋಡಿ ಹೋದರು. ಅಲ್ಲಿಂದ ಶುರುವಾಯಿತು ನೋಡಿ ನನ್ನ ದರ್ಬಾರು! ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಅಂತ ಬಂದರೆ ನಾನೇ ಬರೆದು ಹಾಕಿದ್ದೇನೆ ಅಂತ ಹೋಟೆಲಿನಲ್ಲಿ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಭಾನುವಾರದ ಸಿನಿಮಾ ಬರೀ ಅಳುವಿನದ್ದಾದರೆ, “ಒಳ್ಳೇದು ಆಕ್ಬಾರ್ದಾ ಸಾ, ನಿಮ್ ಕೈಲೇ ಅದೆ” ಅನ್ನುವರು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಟಿವಿ ಸಾರ್ ಬಂದ್ರು ಅಂತ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಡುತ್ತಿದ್ದರಲ್ಲ... ಆ ಸೀಟನ್ನು ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ತಲೆಯ ಮೇಲೆ ಎರಡು ಕೊಂಬು ಬಂದಿದ್ದವು ನನಗೆ.

ಸಂಜೆ ವಾರ್ತೆಗೆ ಮುಂಚೆ ಕಾಣೆಯಾದವರ ಪ್ರಕಟಣೆ ಬರುತ್ತಿತ್ತು. ಒಂದು ಫೋಟೊ, ಹೆಸರು, ಎತ್ತರ, ಮೈಬಣ್ಣ, ಉಟ್ಟಿದ್ದ ಬಟ್ಟೆ, ಯಾವ ಠಾಣೆಗೆ ತಿಳಿಸಬೇಕು ಅನ್ನುವುದು. ಗದ್ದಲ ಮಾಡುತ್ತಿದ್ದ ಮಕ್ಕಳನ್ನು ಆಗ ದೊಡ್ಡವರು ಗದರುತ್ತಿದ್ದರು. ಯಾರ ಮನೆಯ ಕೂಸೋ, ನೋಡ್ಕಳಿ, ಎಲ್ಲಾದ್ರೂ ಕಂಡಿದ್ರೆ ಹೇಳಿ ಅನ್ನುವರು. ಹಾಗೆ ಸಿಕ್ಕಿದವರೂ ಇದ್ದರು. ಹರದನಹಳ್ಳಿ ಕಡೆಯ ಒಬ್ಬ ಅಜ್ಜಿಯನ್ನು ಯಾರೋ ಗುರುತು ಹಿಡಿದು ಮನೆ ಮುಟ್ಟಿಸಿದರು ಅಂತ ಊರೆಲ್ಲ ಮಾತಾಗಿತ್ತು. ಸರ್ಕಾರಿ ಟಿವಿಯ ಬಗ್ಗೆ ಯಾರು ಏನು ಬೇಕಾದರೂ ಆಡಿಕೊಳ್ಳಲಿ, ಆ ಒಂದು ನಿಮಿಷ ಅದು ನಿಜವಾಗಿಯೂ ಜನರದ್ದಾಗಿತ್ತು.

ಹಾಸಿಗೆಯಕ್ಕ ಅಂದರೆ ನಮ್ಮ ಬೀದಿಯ ಕೊನೆಯ ಮನೆಯವಳು. ಮನೆಯಲ್ಲಿ ಉರ್ದು ಮಾತು, ಹೊರಗೆ ನಮ್ಮಂಥದ್ದೇ ಕನ್ನಡ. ಗಂಡ ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಕೇರಳದ ಕಡೆ ಹೋದರೆ ತಿಂಗಳುಗಟ್ಟಲೆ ಅಲ್ಲೇ ಮನೆ ಮನೆ ತಿರುಗಿ ಹಾಸಿಗೆ ಮಾಡಿಕೊಡುತ್ತಿದ್ದ. ಅವನನ್ನು ನಾನು ಸರಿಯಾಗಿ ನೋಡಿದ್ದೇ ಇಲ್ಲ. ಇವಳು ಇಲ್ಲಿ ದಿಂಬು, ಕೌದಿ ಹೊಲಿಯುವಳು. ಯಾವಾಗ ನೋಡಿದರೂ ತಲೆಗೂದಲಲ್ಲಿ ಒಂದೆರಡು ಎಳೆ ಹತ್ತಿ. ಬಾಯಿ ಜೋರು. ನನ್ನ ಹೆಂಡತಿಯ ಹೊಲಿಗೆ ನೋಡಿ, “ಇದೇನಮ್ಮಿ, ಕೋಳಿ ಕೆದಕ್ದಂಗದೆ” ಅಂದು ಬಿಚ್ಚಿ ತಾನೇ ಹೊಲಿದುಕೊಟ್ಟಿದ್ದಳು.

ಆ ವರ್ಷ ರಂಜಾನಿಗೆ ಬರುತ್ತೇನೆ ಅಂದಿದ್ದ ಗಂಡ ಬರಲಿಲ್ಲ. ಹಬ್ಬ ಕಳೆದು ಒಂದು ವಾರಕ್ಕೆ ಅವಳು ದಿಣ್ಣೆ ಹತ್ತಿ ಬಂದಳು. ಎರಡು ವರ್ಷದ ಮಗಳು ಕಂಕುಳಲ್ಲಿದ್ದಳು. ಸೆರಗಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಫೋಟೊ ತೆಗೆದು ನನ್ನ ಕೈಗಿಟ್ಟಳು.

“ಇದೊಂದೇ ಇರದು ಕಣಣ್ಣ. ಮದ್ವೆ ಆದಾಗ ತಗ್ಸಿದ್ದು. ಇವತ್ತು ಸಂಜೆಗೇ ತೋರುಸ್ಬುಡಿ.”

ನಾನು ಹೇಳಬೇಕಾಗಿದ್ದದ್ದು ಎರಡೇ ಮಾತು. ಅಕ್ಕ, ಇಲ್ಲಿ ನನ್ನ ಕೈಯಲ್ಲಿ ಏನೂ ಇಲ್ಲ. ಪೊಲೀಸ್ ಠಾಣೆಗೆ ಹೋಗಿ ದೂರು ಕೊಡು, ಅವರು ಬರೆದು ಬೆಂಗಳೂರಿಗೆ ಕಳಿಸಿದರೆ ಅಲ್ಲಿಂದ ಬರುತ್ತದೆ. ಇಷ್ಟೇ. ಇಷ್ಟನ್ನು ಹೇಳಲು ನನಗೇನು ದಾಡಿ ಬಂದಿತ್ತೋ! ಜೊತೆಗಿದ್ದ ಕಾವಲುಗಾರ ನನ್ನನ್ನೇ ನೋಡುತ್ತಿದ್ದ. ಟಿವಿ ಸಾರ್ ಕೈಯಲ್ಲಿ ಏನೂ ಇಲ್ಲ ಅಂತ ನನ್ನ ಬಾಯಿಂದಲೇ ಬರಬೇಕಲ್ಲ... “ನೋಡನ ಬುಡಕ್ಕ, ಕಳಿಸ್ತೀನಿ” ಅಂದುಬಿಟ್ಟೆ. ಒಳಗೆ ಹೋಗಿ ಫೋಟೊವನ್ನು ಮೇಜಿನ ಮೇಲಿದ್ದ ರಿಜಿಸ್ಟರಿನ ಹಾಳೆಗಳ ನಡುವೆ ಇಟ್ಟೆ. ಮಾರನೆಯ ದಿನ ನಾನೇ ಠಾಣೆಗೆ ಹೋಗಿ ಬರೆಸೋಣ ಅನ್ನುವುದು ಮನಸ್ಸಿನಲ್ಲಿತ್ತು. ಮಾರನೆಯ ದಿನ ಜನರೇಟರ್ ಕೆಟ್ಟಿತು. ಅದರಾಚೆ ದಿನ ಇನ್ನೇನೋ. ಹೀಗೇ ಜಾರುತ್ತಾ ಹೋಯಿತು.

ಅವಳು ಠಾಣೆಯ ಕಡೆ ತಲೆ ಹಾಕಲಿಲ್ಲ. ಮೊದಲೇ ಖಾಕಿ ಕಂಡರೆ ಹೆದರಿಕೆ. ಟಿವಿ ಸಾರೇ ಫೋಟೊ ಇಸ್ಕೊಂಡ ಮೇಲೆ ಇನ್ನು ಠಾಣೆ ಯಾಕೆ? ದಿನಾ ಸಂಜೆ ನಮ್ಮ ಮನೆಗೇ ಬಂದು ಬಾಗಿಲ ಪಕ್ಕ ಕೂರುತ್ತಿದ್ದಳು. ಪ್ರಕಟಣೆ ಶುರುವಾದರೆ ಮಗಳ ಮುಖವನ್ನು ಟಿವಿ ಕಡೆ ತಿರುಗಿಸಿ ಹಿಡಿಯುತ್ತಿದ್ದಳು. ಯಾವುದೋ ಹುಡುಗಿ ಬರುವಳು, ಯಾವುದೋ ಮುದುಕ ಬರುವನು, ಮುಗಿಯುವುದು. “ಇವತ್ತೂ ಬರ್ನಿಲ್ಲ ಕಣಮ್ಮಿ” ಅಂತ ನನ್ನ ಹೆಂಡತಿಗೆ ಹೇಳಿ ಎದ್ದು ಹೋಗುತ್ತಿದ್ದಳಂತೆ. ಇದನ್ನು ನನ್ನ ಹೆಂಡತಿ ಹೇಳಿದಾಗಲೆಲ್ಲ ನಾನು ರೇಗುತ್ತಿದ್ದೆ. ಕಳಿಸಿದ ತಕ್ಷಣ ಬಂದುಬಿಡುತ್ತಾ? ಸರದಿ ಅಂತ ಇರಲ್ವಾ? ಸುಳ್ಳು ಹೇಳುವವನಿಗೆ ಕೋಪ ಬಹಳ ಬೇಗ ಬರುತ್ತದೆ ಅನ್ನುವುದು ನನಗೆ ಆಗಲೇ ಗೊತ್ತಾಗಿದ್ದು.

ಹೀಗೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಮೇಲಿನ ಆಫೀಸಿನಿಂದ ತಪಾಸಣೆಗೆ ಬಂದರು. ಆ ದಿನ ನಾನು ರಜೆ. ತುಂಬಿದ ರಿಜಿಸ್ಟರುಗಳನ್ನೆಲ್ಲ ಹುರಿ ಹಾಕಿ ಕಟ್ಟಿ ಜೀಪಿನಲ್ಲಿ ತೆಗೆದುಕೊಂಡು ಹೋಗಿದ್ದರು. ಕೆಲಸಕ್ಕೆ ಬಂದು ಖಾಲಿ ಮೇಜು, ಖಾಲಿ ಬೀರು ನೋಡಿದೆ. ಫೋಟೊವೂ ಅವುಗಳ ಜೊತೆಗೇ ಹೋಗಿತ್ತು. ಒಂದು ಕಾಗದ ಬರೆದು ಕೇಳಬಹುದಿತ್ತು. ಸರ್ಕಾರಿ ರಿಜಿಸ್ಟರಿನಲ್ಲಿ ಹೊರಗಿನವರ ಫೋಟೊ ಯಾಕಿತ್ತು ಅಂತ ತಿರುಗಿ ಕೇಳಿದರೆ? ಮೆಮೊ ಕೊಟ್ಟರೆ? ನಾನು ಬರೆಯಲಿಲ್ಲ.

ಅದಾದ ನಾಲ್ಕೋ ಐದೋ ದಿನಕ್ಕೆ ಹಾಸಿಗೆಯಕ್ಕನ ತಮ್ಮ ಗೇಟಿಗೆ ಬಂದ. ಬೆಳಿಗ್ಗೆ ತರಕಾರಿ ಲಾರಿಯಲ್ಲಿ ಕೇರಳಕ್ಕೆ ಹೋಗುತ್ತಿದ್ದೇನೆ, ಭಾವನನ್ನು ಹುಡುಕಿಕೊಂಡು ಬರುತ್ತೇನೆ, ಒಂದೆರಡು ದಿನಕ್ಕೆ ಫೋಟೊ ಕೊಡಿ ಸಾರ್ ಅಂದ. “ಅದು ಬೆಂಗಳೂರಿಗೆ ಹೋಗಿದೆಯಲ್ಲಪ್ಪ” ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು! ಅವನು ಬರಿಗೈಯಲ್ಲಿ ಹೋದ, ಬರಿಗೈಯಲ್ಲೇ ವಾಪಸ್ ಬಂದ.

ತಿಂಗಳು ಕಳೆದ ಮೇಲೆ ಲಾರಿ ಡ್ರೈವರೊಬ್ಬ ಸುದ್ದಿ ತಂದ. ಗಡಿಯಾಚೆಯ ಒಂದು ಊರಿನ ಠಾಣೆಯಲ್ಲಿ ಹತ್ತಿ ಹಿಂಜುವ ಬಿಲ್ಲು ಗೋಡೆಗೆ ಒರಗಿಸಿಟ್ಟಿದ್ದಾರೆ, ನಮ್ಮ ಕಡೆಯದ್ದರ ಹಾಗೆ ಕಾಣುತ್ತದೆ ಅಂದ. ತಮ್ಮ ಮತ್ತೆ ಓಡಿದ. ಬಿಲ್ಲು ಭಾವನದ್ದೇ. ಬಸ್ಸಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಪ್ರಜ್ಞೆಯಿಲ್ಲದೆ ಅಲ್ಲಿನ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದನಂತೆ. ಯಾರೂ ಕೇಳಿಕೊಂಡು ಬರಲಿಲ್ಲವಾದ್ದರಿಂದ, ಸತ್ತ ಮೇಲೆ ಅಲ್ಲಿನ ಮಸೀದಿಯವರೇ ಮಣ್ಣು ಮಾಡಿದ್ದರು.

ತಮ್ಮ ಬಂದು ಇದನ್ನೆಲ್ಲ ಹೇಳಿದ್ದು ನಮ್ಮ ಜಗಲಿಯ ಮೇಲೆ ಕೂತು. ಕೊನೆಗೆ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. ಹಿಂದಿನ ಸಲ ಹೋದಾಗ ಅದೇ ಆಸ್ಪತ್ರೆಯ ಬಾಗಿಲಿಗೆ ಹೋಗಿದ್ದನಂತೆ. ಭಾಷೆ ಬರದು. ಕೈಸನ್ನೆ ಮಾಡಿ ಕೇಳಿದ. ಕಾವಲಿನವನೂ ಸನ್ನೆಯಲ್ಲೇ ಫೋಟೊ ಇದೆಯಾ ಅಂದ.

“ಫೋಟೊ ಟಿವಿಯೋರ ಅತ್ರ ಅದೆ ಅಂದೆ ಸಾರ್. ಅಂಗಾರೆ ಓಗು ಅಂದ. ಅವತ್ತು ನಮ್ ಭಾವ ಒಳಗೇ ಮಲ್ಗಿದ್ರು ಸಾರ್, ಉಸ್ರಿತ್ತು.”

ನಾನು ಎದ್ದು ಹಿತ್ತಿಲಿಗೆ ಹೋದೆ. ಬಾವಿಕಟ್ಟೆಯ ಮೇಲೆ ಕೂತೆ. ಕಣ್ಣೀರು ಬಂತು ಅಂತ ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬಂದೀತು, ಅದು ಬೇಡ. ಆಗ ನನಗೆ ಬಂದದ್ದು ಭಯ. ಎಲ್ಲಿ ಗೊತ್ತಾಗಿಬಿಡುತ್ತೋ ಅನ್ನುವ ಭಯ.

ಗಂಡ ಸತ್ತ ಹೆಣ್ಣು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದ ಕಟ್ಟಳೆ ಅವರಲ್ಲಿದೆ. ಅದು ಮುಗಿದ ಮೇಲೆ ಹಾಸಿಗೆಯಕ್ಕ ಮೊದಲು ಬಂದದ್ದು ದಿಣ್ಣೆಗೆ. ಬೈಯಲು ಬಂದಳು ಅಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ... ಕೈಯಲ್ಲಿ ಒಂದು ಹೊಸ ದಿಂಬು ಹಿಡಿದಿದ್ದಳು. ಬೂರುಗದ ಹತ್ತಿ ತುಂಬಿ, ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿದ್ದಳು. ನಮ್ಮ ಬೀದಿಯಲ್ಲಿ ಕರೆಂಟು ಹೋಗಿದ್ದ ಒಂದು ಸಂಜೆ ಟಿವಿಯಲ್ಲಿ ಗಡ್ಡದವನೊಬ್ಬನ ಫೋಟೊ ಬಂತು ಅಂತ ಆಚೆ ಬೀದಿಯ ಯಾರೋ ಅವಳಿಗೆ ಹೇಳಿದ್ದರಂತೆ. ಅದು ತನ್ನ ಗಂಡನದ್ದೇ ಅಂತ ನಂಬಿಕೊಂಡಿದ್ದಳು.

“ನೀವು ತೋರುಸ್ದ್ರಿ ಕಣಣ್ಣ. ಯಾರ್ ಕಣ್ಗೂ ಬೀಳ್ನಿಲ್ಲ. ನನ್ ಅಣೇಬರ. ನೀವೇನ್ ಮಾಡೀರಿ?”

ಇಲ್ಲ ಅಕ್ಕ, ಅದು ಬೇರೆ ಯಾರೋ ಅನ್ನಬೇಕಾಗಿತ್ತು. ದಿಂಬು ಇಸ್ಕೊಂಡೆ. ಫೋಟೊ ವಾಪಸ್ ಬಂತಾ ಅಂತ ಮೆಲ್ಲಗೆ ಕೇಳಿದಳು. ಇನ್ನೂ ಬಂದಿಲ್ಲ ಅಂದೆ. ಆಮೇಲೆ ನನಗೆ ವರ್ಗವಾಯಿತು. ಕೊಳ್ಳೇಗಾಲ, ಹಾಸನ ಅಂತ ತಿರುಗಿದೆ. ಅವಳು ಮತ್ತೆ ಕೇಳಲು ನಾನು ಆ ಊರಿನಲ್ಲಿರಲಿಲ್ಲ.

ಕೇಬಲ್ ಬಂತು. ಮನೆಮನೆಯ ಮೇಲೆ ಸಣ್ಣ ಡಿಷ್ಷು ಬಂತು. ನೋಡುವವರೇ ಇಲ್ಲದಿದ್ದರೂ ಎಷ್ಟೋ ವರ್ಷ ಆ ಟವರು ತನ್ನ ಪಾಡಿಗೆ ವಾರ್ತೆ ಹಂಚುತ್ತಲೇ ಇತ್ತು. ಕೊನೆಗೆ ಮುಚ್ಚಿ ಅಂತ ಆದೇಶ ಬಂತು. ನಾನು ಅಷ್ಟರಲ್ಲಿ ನಿವೃತ್ತನಾಗಿ ಚಾಮರಾಜನಗರ ಸೇರಿದ್ದೆ. ಮುಚ್ಚಿದರಂತೆ ಅಂತ ಕೇಳಿದಾಗ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಸಾಕ್ಷಿ ಕಡಿಮೆಯಾಯಿತು ಅನ್ನಿಸಿತ್ತು.

ಮೊಬೈಲ್ ಅಂಗಡಿಯ ಆ ಹೊಗೆ ಕುಡಿದ ಮಾರನೆಯ ಬೆಳಿಗ್ಗೆಯೇ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಹೇಳಿಬಿಡಬೇಕು, ಅವಳು ಮುಖಕ್ಕೆ ಉಗಿದರೂ ಸರಿ ಅಂತ ಗಟ್ಟಿಮಾಡಿಕೊಂಡಿದ್ದೆ. ಮನೆ ಅದೇ. ಒಳಗೆ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದವಳು ಮಗಳು. ನಾನು ಯಾರು ಅಂತ ಹೇಳಿದ್ದೇ ಎದ್ದು ಕುರ್ಚಿ ಹಾಕಿದಳು. “ಅಮ್ಮಿ ಓದ್ವರ್ಷ ತೀರ್ಕಂಡ್ರು ಸಾರ್. ಸೋದರಮಾವನೂ ಇಲ್ಲ ಈಗ. ಅಮ್ಮಿ ಯಾವಾಗ್ಲೂ ನಿಮ್ ವಿಷ್ಯ ಏಳರು” ಅಂದಳು. ಒಂದೇ ಒಂದು ವರ್ಷ ಮುಂಚೆ ಬಂದಿದ್ದರೆ...

ಮಗಳು ಫೋನು ತೆಗೆದು ನನ್ನ ಪಕ್ಕ ನಿಂತಳು. ಹಳೆಯ ಕಾಲದ ಸರ್ಕಾರಿ ಟಿವಿಯ ಕಾರ್ಯಕ್ರಮಗಳನ್ನೆಲ್ಲ ಈಗ ಇದರಲ್ಲಿ ಹಾಕುತ್ತಿದ್ದಾರೆ, ಎಷ್ಟು ಹುಡುಕಿದರೂ ಅಪ್ಪನನ್ನು, ಅವಳ ಮಾತಿನಲ್ಲಿ ಅಬ್ಬನನ್ನು, ತೋರಿಸಿದ್ದು ಮಾತ್ರ ಸಿಗುತ್ತಿಲ್ಲ, ನೀವು ಅಲ್ಲೇ ಇದ್ದವರು, ಹೇಗೆ ಹುಡುಕಬೇಕು ಹೇಳಿ ಅಂದಳು. “ನಂಗೆ ಅವ್ರ ಮುಖಾನೇ ಗೊತ್ತಿಲ್ಲ ಸಾರ್.”

ಹೇಳಿದೆ. ಎಲ್ಲವನ್ನೂ ಹೇಳಿದೆ. ತೋರಿಸಲೇ ಇಲ್ಲ ಅಂದೆ, ರಿಜಿಸ್ಟರಿನಲ್ಲಿ ಇಟ್ಟದ್ದು, ಜೀಪು ಒಯ್ದದ್ದು, ಅವಳ ಮಾವನಿಗೆ ಹೇಳಿದ ಸುಳ್ಳು, ದಿಂಬು. ಅವಳು ಬೈಯಲಿಲ್ಲ, ಅಳಲಿಲ್ಲ. ಬಟ್ಟೆಯ ಒಂದು ತುಂಡನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಆಮೇಲೆ ಕೇಳಿದಳು.

“ನೀವು ಆ ಫೋಟೊ ನೋಡಿದ್ರಲ್ಲ ಸಾರ್. ಎಂಗಿದ್ರು ನಮ್ಮಬ್ಬ?”

ಬಾಯಿ ತೆರೆದೆ. ಫೋಟೊ ಸ್ಟುಡಿಯೋದ ಪರದೆಯ ಮೇಲೆ ಬರೆದಿದ್ದ ಕೊಳ, ಎರಡು ಹಂಸ ನೆನಪಾದವು. ಕುರ್ಚಿಯ ಮೇಲಿಟ್ಟ ಒಂದು ಕೈ ನೆನಪಾಯಿತು. ಪ್ಲಾಸ್ಟಿಕ್ಕಿನ ಮಡಿಕೆ ನೆನಪಾಯಿತು. ಅವಳು ಕಾಯುತ್ತಲೇ ಇದ್ದಳು.

ಅಲ್ಲಿಂದ ಎದ್ದು ಬಂದು ಮೂರು ವಾರವಾಯಿತು. ಊಟಕ್ಕೆ ಕೂತರೂ, ನಡೆಯಲು ಹೋದರೂ ಕಣ್ಣು ಮುಚ್ಚಿ ಹುಡುಕುತ್ತಿದ್ದೇನೆ. ಕೊಳ ಬರುತ್ತದೆ, ಹಂಸ ಬರುತ್ತದೆ, ಕೈ ಬರುತ್ತದೆ. ಮುಖ ಬರುವುದಿಲ್ಲ. ಎರಡು ತಿಂಗಳು ಆ ಮುಖ ನನ್ನ ಮೇಜಿನ ಮೇಲೇ ಇತ್ತು, ಒಂದು ದಿನವೂ ನಾನು ಅದನ್ನು ನೋಡಿರಲಿಲ್ಲ.