ಕುಣಿಯೊಳಗಿನ ಕಾಲು

ಬೇರೆ ಮನೆಗಳಲ್ಲಿ ಬೆಳಗಿನ ಚಹಾ ಕೊಡುವಾಗ ಮುದುಕರಿಗೆ ಮೊಣಕಾಲು ನೋವು ಹೇಗಿದೆ, ಹೊಟ್ಟೆ ಸರಿಹೋಯಿತೇ ಎಂದು ಕೇಳುತ್ತಾರೆ. ನನ್ನ ಸೊಸೆ ಕಪ್ಪು-ಬಸಿಯನ್ನು ಮುಂದಿಟ್ಟು, "ಮಾವಾರ, ರಾತ್ರಿ ಅತ್ತಿ ಬಂದಿದ್ರೇನ್ರಿ?" ಎಂದು ಕೇಳುತ್ತಾಳೆ. ಅತ್ತೆ ಎಂದರೆ ನನ್ನ ಹೆಂಡತಿ ಗಂಗವ್ವ. ಆಕೆ ತೀರಿಕೊಂಡು ಬಹಳ ವರ್ಷಗಳಾದವು, ಬರುವುದು ಕನಸಿನಲ್ಲಿ. ನಾನು "ಹೂಂ" ಎಂದರೆ ಮನೆಯೆಲ್ಲ ಗಂಭೀರವಾಗುತ್ತದೆ, "ಇಲ್ಲ" ಎಂದರೆ ಚಹಾಕ್ಕೆ ಇನ್ನಷ್ಟು ಸಕ್ಕರೆ ಬೀಳುತ್ತದೆ.

ಗೆಳೆಯರೇ, ಆ ಕನಸನ್ನು ನಿಮಗೂ ಹೇಳಿಬಿಡುತ್ತೇನೆ. ಮನೆಯವರಿಗೆ ಹೇಳುತ್ತ ಬಂದದ್ದು ಇಷ್ಟು: ಗಂಗವ್ವ ಮಗ್ಗದ ಮುಂದೆ ನನಗೆ ಬೆನ್ನು ಮಾಡಿ ಕೂತಿರುತ್ತಾಳೆ. ಅವಳ ಮಡಿಲ ತುಂಬ ಸೆರಗಿನ ಕೆಂಪು ರೇಷ್ಮೆ ಎಳೆಗಳು. ಕರೆದರೂ ತಿರುಗುವುದಿಲ್ಲ.

ಕಮತಗಿಗೆ ಕೊಟ್ಟ ನನ್ನ ಅಕ್ಕ ನಾಗವ್ವ ಇದನ್ನು ಕೇಳಿದ ಕೂಡಲೇ ತೀರ್ಪು ಕೊಟ್ಟಿದ್ದಳು. "ಇದರಾಗ ಕೇಳೂದೇನೈತಿ ತಮ್ಮಾ? ಹೆಣ್ಮಗಳು ರೇಷ್ಮಿ ಹಿಡಕೊಂಡು ಬಂದಾಳಂದ್ರ ಸೀರಿ ಬೇಡಾಕತ್ತಾಳ." ಅಂದಿನಿಂದ ಹಿರಿಯರಿಗೆ ಎಡೆ ಇಡುವ ಪ್ರತಿ ಮಹಾನವಮಿ ಅಮಾವಾಸ್ಯೆಗೆ ಹೋಳಿಗೆಯ ಎಡೆಯ ಪಕ್ಕದಲ್ಲಿ ಗಂಗವ್ವನ ಹೆಸರಿನಲ್ಲಿ ಒಂದು ಕೆಂಪು ಸೆರಗಿನ ಸೀರೆ ಇಡುವುದು, ಆಮೇಲೆ ಅದನ್ನು ಯಾರಾದರೂ ಮುತ್ತೈದೆಗೆ ಉಡಿಸುವುದು ನಡೆದುಬಂತು. ನಮ್ಮ ಇಳಕಲ್ಲಿನಲ್ಲಿ ಸತ್ತವರ ಆಸೆಯನ್ನೂ ಸೀರೆಯಲ್ಲೇ ಅಳೆಯುತ್ತಾರೆ. ಸೀರೆಗಳು ಹೋದವು, ಕನಸು ಹೋಗಲಿಲ್ಲ.

ಕೊನೆಗೆ ಮಗ ನನ್ನನ್ನು ಬಾಗಲಕೋಟೆಯ ಮನಸ್ಸಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಒಳ್ಳೆಯ ಹುಡುಗ ಆ ಡಾಕ್ಟರು. "ಅಜ್ಜಾರ, ಈ ಗುಳಗಿ ತಗೋರಿ, ಕನಸು ಕಡಿಮಿ ಆಗ್ತಾವು" ಎಂದ. ಆದವು ಕೂಡ. ನಿದ್ದೆ ಬಾವಿಗೆ ಬಿದ್ದ ಕಲ್ಲಿನಂತೆ ಆಯಿತು. ಬೆಳಗ್ಗೆ ಎದ್ದರೆ ಯಾರೋ ಮನೆ ಖಾಲಿ ಮಾಡಿಕೊಂಡು ಹೋದಂತೆ. ಎಲ್ಲರೂ ಸಂತೋಷಪಟ್ಟರು. ನಾನೊಬ್ಬ ಮಾತ್ರ ಮನೆ ಕಳವಾದವನಂತೆ ಓಡಾಡಿದೆ.

ಆ ಖಾಲಿ ದಿನಗಳಲ್ಲಿ ಊರಿನ ವಾಚನಾಲಯದಲ್ಲಿ ಒಂದು ಸಣ್ಣ ಕನ್ನಡ ಪುಸ್ತಕ ಸಿಕ್ಕಿತು. ನಾನು ಮೆಟ್ರಿಕ್ ಓದಿದವನು, ಅರ್ಥವಾದಷ್ಟನ್ನು ಹೇಳುತ್ತೇನೆ. ನೂರು ವರ್ಷಕ್ಕೂ ಹಿಂದೆ ಯುರೋಪಿನಲ್ಲಿ ಒಬ್ಬ ವೈದ್ಯನಿದ್ದನಂತೆ. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತಾನು ಹಿಂದೆ ಕೂತು, ಬಾಯಿಗೆ ಬಂದದ್ದನ್ನೆಲ್ಲ ಹೇಳಿಸುತ್ತಿದ್ದನಂತೆ. ಮನಸ್ಸಿನಲ್ಲಿ ನಮಗೇ ತಿಳಿಯದ ಒಂದು ನೆಲಮನೆಯಿದೆ, ನಾವು ನೋಡಲಾರದ ಬಯಕೆಗಳನ್ನು ಅಲ್ಲಿಗೆ ತಳ್ಳಿರುತ್ತೇವೆ, ಬಾಗಿಲಲ್ಲಿ ಒಬ್ಬ ಕಾವಲುಗಾರನಿದ್ದಾನೆ, ನಿದ್ದೆಯಲ್ಲಿ ಅವನು ತೂಕಡಿಸಿದಾಗ ಆ ಬಯಕೆಗಳು ವೇಷ ಹಾಕಿಕೊಂಡು ಹೊರಬರುತ್ತವೆ, ಅದೇ ಕನಸು ಎಂದು ಅವನ ಮತ.

ನೆಲಮನೆಯ ಮಾತು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕುಣಿಮಗ್ಗದಲ್ಲಿ ಆಯುಷ್ಯ ಕಳೆದವನು ನಾನು. ನೇಕಾರ ನೆಲದ ಮೇಲೆ ಕೂತಿರುತ್ತಾನೆ, ಅವನ ಕಾಲು ಮಾತ್ರ ಕುಣಿಯೊಳಗೆ, ಕತ್ತಲಲ್ಲಿ, ಮೆಟ್ಟುಹಲಗೆಯ ಮೇಲೆ. ನೋಡಲು ಬಂದವರು ಕೈ ನೋಡುತ್ತಾರೆ, ಲಾಳಿ ನೋಡುತ್ತಾರೆ, ಬಣ್ಣ ಹೊಗಳುತ್ತಾರೆ. ಕೆಳಗೆ ಕಾಲು ಏನು ಮಾಡುತ್ತಿದೆ ಎಂದು ಇಣುಕಿದವರನ್ನು ನಾನು ಕಂಡಿಲ್ಲ.

ಆದರೆ ಬಯಕೆ ಎಂದನಲ್ಲ, ಅಲ್ಲಿ ನಾನು ಆ ವೈದ್ಯನೊಡನೆ ಜಗಳಕ್ಕೆ ನಿಂತೆ. ಅಕ್ಕನೂ ಬಯಕೆ ಎನ್ನುತ್ತಾಳೆ, ಇವನೂ ಬಯಕೆ ಎನ್ನುತ್ತಾನೆ. ಅವಳಿಗೆ ಅದು ಸತ್ತವಳದು, ಇವನಿಗೆ ಬದುಕಿದವನದು, ಅಷ್ಟೇ ವ್ಯತ್ಯಾಸ. ಎಲೈ ಮಹಾನುಭಾವ, ಹೆಂಡತಿ ಬೆನ್ನು ತಿರುಗಿಸಿ ಕೂರಲಿ ಎಂದು ಯಾವ ಗಂಡ ಬಯಸುತ್ತಾನೆ? ಪುಸ್ತಕವನ್ನು ಮುಚ್ಚುವವನಿದ್ದೆ. ಅಷ್ಟರಲ್ಲಿ ಇನ್ನೊಂದು ಮಾತು ಕಣ್ಣಿಗೆ ಬಿತ್ತು: ಕನಸನ್ನು ಹೇಳುವಾಗ ನೀವು ಯಾವುದನ್ನು ಬಿಟ್ಟು ಹೇಳುತ್ತೀರೋ ಅಲ್ಲಿ ಹುಡುಕಿ ಎಂಬ ಅರ್ಥದ್ದು. ನನ್ನ ಕೈ ಅಲ್ಲೇ ನಿಂತಿತು.

ಏಕೆಂದರೆ ನಾನು ಒಂದನ್ನು ಬಿಟ್ಟಿದ್ದೆ. ಕನಸಿನಲ್ಲಿ ಗಂಗವ್ವ ಬರಿದೆ ಕೂತಿರುವುದಿಲ್ಲ, ಕೊಂಡಿ ಹಾಕುತ್ತಿರುತ್ತಾಳೆ. ಹಾಕಿದ ಕೊಂಡಿ ಒಂದೊಂದಾಗಿ ಬಿಚ್ಚಿಕೊಳ್ಳುತ್ತಿರುತ್ತದೆ. ನಾನು ಕುಣಿಯಲ್ಲಿರುತ್ತೇನೆ. ನನ್ನ ಕಾಲು ಮೆಟ್ಟುಹಲಗೆಯನ್ನು ಒದೆಯುತ್ತಿರುತ್ತದೆ, ನಿಲ್ಲಿಸಲು ಬರುವುದಿಲ್ಲ.

ಇಳಕಲ್ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ ಒಂದೊಂದು ಉದ್ದೆಳೆಗೂ ಸೆರಗಿನ ಒಂದೊಂದು ಕೆಂಪು ಎಳೆಯನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಕೂಡಿಸಬೇಕು. ಅದೇ ಕೊಂಡಿ. ಅದು ಹೆಂಗಸರ ಬೆರಳಿನ ಕೆಲಸ, ಗಂಗವ್ವನ ಬೆರಳಿಗೆ ಓಣಿಯಲ್ಲಿ ಹೆಸರಿತ್ತು. ಆ ಕೂಡುವ ಜಾಗ ಎಳೆ ಬಡಿದು ಕೂಡಿಸುವ ಹಣಿಗೆಯ ಹತ್ತಿರ ಬಂದಾಗ ನೇಕಾರ ಕಾಲು ಹಗುರ ಮಾಡಬೇಕು. ಗಂಗವ್ವ ಕೊಂಡಿ ಹಾಕಿದ ಒಂದು ಸೀರೆ ಮಗ್ಗದ ಮೇಲಿದ್ದ ದಿನ ಹುನಗುಂದದಲ್ಲಿ ಕುಸ್ತಿ ಇತ್ತು, ನನಗೆ ನೋಡಲು ಹೋಗುವ ಅವಸರವಿತ್ತು. ಮೆಟ್ಟುಹಲಗೆಯನ್ನು ಜೋರಾಗಿ ಒದ್ದೆ. ಕೊಂಡಿಗಳು ಹರಿದವು.

ನಮಗೆ ನೂಲು ಕೊಟ್ಟು ನೇಯಿಸುವ ಸಾವಕಾರ ತನ್ನ ಅಂಗಡಿಯಲ್ಲಿ ನಾಲ್ಕು ಜನ ನೇಕಾರರ ನಡುವೆ ಆ ಸೀರೆಯನ್ನು ಬೆಳಕಿಗೆ ಹಿಡಿದು, "ಯಾರ ಕೈಲೇ ಇದು?" ಎಂದ. ನಾನು, "ಕೊಂಡಿ ನನ್ನ ಹೆಂಡತಿದ್ರಿ" ಎಂದೆ. ಅಷ್ಟೇ ಮಾತು. ಅದರಲ್ಲಿ ಸುಳ್ಳೂ ಇರಲಿಲ್ಲ ನೋಡಿ, ಕೊಂಡಿ ಅವಳದೇ. ಆಮೇಲೆ ಓಣಿಯವರು ಕೊಂಡಿ ಹಾಕಲು ಅವಳನ್ನು ಕರೆಯುವುದನ್ನು ಬಿಟ್ಟರು. ಗಂಗವ್ವನ ಕೈ ಸಡಿಲ ಎಂಬ ಮಾತು ನಿಂತುಬಿಟ್ಟಿತು. ಅವಳು ನನ್ನನ್ನು ಏನೂ ಕೇಳಲಿಲ್ಲ; ಸಾಯುವವರೆಗೂ ಮೂಲೆಯಲ್ಲಿ ಕೂತು ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿದಳು.

ಡಾಕ್ಟರಿಗೆ ಹೇಳಿಯೇ ಗುಳಿಗೆ ಬಿಟ್ಟೆ. ಕನಸು ಮರಳಿತು. ಈ ಸಲದ ಅಮಾವಾಸ್ಯೆಗೆ ಎಡೆಯ ಪಕ್ಕದಲ್ಲಿ ಹಬ್ಬಕ್ಕೆ ಬಂದಿದ್ದ ಅಕ್ಕ ಸೀರೆ ಇಟ್ಟಳು. ಅದನ್ನು ನಾನು ಎತ್ತಿ ಕೆಳಗಿಟ್ಟೆ.

"ಏ ತಮ್ಮಾ, ಎಡಿ ಕೆಡಸ್ತೀಯೇನ? ತಲಿ ನೆಟ್ಟಗೈತಿಲ್ಲೋ?"

"ಇವತ್ತ ನೆಟ್ಟಗಾಗೇತಿ ಅಕ್ಕಾ. ಆಕಿ ಸೀರಿ ಬೇಡಾಕತ್ತಿಲ್ಲ. ಆವತ್ತ ಕೊಂಡಿ ಹರದದ್ದು ಆಕಿ ಕೈಲೆ ಅಲ್ಲ, ನನ್ನ ಕಾಲಿಲೆ" ಎಂದು ಎಲ್ಲವನ್ನೂ ಹೇಳಿದೆ.

ಮಗ ತಲೆ ತಗ್ಗಿಸಿದ. "ಸತ್ತ ಮ್ಯಾಲ ಹೇಳಿದ್ರ ಯಾರಿಗೆ ಹೇಳಿದಂಗಾತೋ?" ಎಂದಳು ಅಕ್ಕ. ಬಾದಾಮಿಯಿಂದ ಬಂದಿದ್ದ ಮಗಳು ಶಾಂತಾ ಮಾತ್ರ ಹೋಳಿಗೆ ಬಡಿಸುತ್ತಲೇ, "ಅವ್ವಗ ಗೊತ್ತಿತ್ತಪಾ" ಎಂದಳು.

"ನಿನ್ನ ಮುಂದ ಹೇಳಿದ್ಲೇನು? ಏನಂತಿದ್ಲು?" ಎಂದು ಕೇಳಿದೆ.

"'ಕೊಂಡಿ ನಂದು ಬಿಗಿನ ಇತ್ತು, ನಿಮ್ಮಪ್ಪನ ಕಾಲು ಆವತ್ತ ಕುಸ್ತಿಗೆ ಹೊಂಟಿತ್ತು' ಅಂತಿದ್ಲು."

"ಮತ್ತ ಮಂದಿಗೆ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಕಾದ್ಲು."

ಮರುದಿನ ನೇಕಾರರು ಕೂಡುವ ಕಟ್ಟೆಗೆ ಹೋಗಿ ಅದನ್ನೇ ಹೇಳಿದೆ. ಅಂದು ಸಾವಕಾರನ ಅಂಗಡಿಯಲ್ಲಿದ್ದವರಲ್ಲಿ ಒಬ್ಬ ಮುದುಕ ಉಳಿದಿದ್ದ. ಎಲೆ-ಅಡಿಕೆ ಜಗಿಯುತ್ತ ಕೇಳಿದ: "ಅಲ್ಲಲೇ, ಆ ಕುಸ್ತಿ ಯಾರು ಗೆದ್ರು?" ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕಟ್ಟೆಯವರೆಲ್ಲ ನಕ್ಕರು. ನಗಲಿ. ಒಬ್ಬ ಹೆಂಗಸಿನ ಹೆಸರು ಕೆಡಿಸಿ ನೋಡಲು ಹೋದ ಆಟದ ಫಲಿತಾಂಶವೂ ನನ್ನ ಬಳಿ ಉಳಿದಿಲ್ಲ.

ಅಡಗಿದ್ದದ್ದು ಹೊರಬಂದರೆ ಮನಸ್ಸಿನ ಭಾರ ಇಳಿಯುತ್ತದೆ ಎಂದು ಆ ಪುಸ್ತಕದಲ್ಲಿತ್ತು. ಇಳಿದಿಲ್ಲ. ಗಂಗವ್ವ ಈಗಲೂ ಬರುತ್ತಾಳೆ, ಈಗಲೂ ತಿರುಗುವುದಿಲ್ಲ. ಮಗ ಮತ್ತೆ ಬಾಗಲಕೋಟೆಯ ಮಾತೆತ್ತುತ್ತಾನೆ, ಅಕ್ಕ ಶಾಂತಿ ಮಾಡಿಸು ಎನ್ನುತ್ತಾಳೆ. ಇಬ್ಬರಿಗೂ ನನ್ನ ಉತ್ತರ ಒಂದೇ: ಬೇಡ. ನನಗೆ ರೋಗವಿಲ್ಲ, ಅವಳಿಗೆ ಹಸಿವಿಲ್ಲ. ನಾನು ಬಾಯಿ ಬಿಡಲೆಂದು ಅವಳು ಬದುಕಿರುವವರೆಗೂ ಕಾದಳು. ಅವಳು ಮುಖ ತಿರುಗಿಸಲೆಂದು ನಾನೂ ಅಷ್ಟು ಕಾಯಬಲ್ಲೆ. ತಿರುಗದಿದ್ದರೆ ಅದು ಅವಳ ಇಷ್ಟ.