ಮನೆಗೆ ಬಂದ ಹತಾರದ ಚೀಲ

ಮೂವತ್ತೊಂದು ವರ್ಷ ಬಡಗಿ ತನ್ನ ಹತಾರದ ಚೀಲವನ್ನು ಮನೆಯ ಹೊಸಿಲು ದಾಟಿಸಿರಲಿಲ್ಲ. ಕುರ್ಚಿ ಮಾಡುವ ಕಾರ್ಖಾನೆಯ ಗೋಡೆಯ ಮೊಳೆಯೇ ಅದರ ಜಾಗ. ಯಾಕೆಂದು ಕೇಳಿದರೆ ಹೆಂಡತಿಗೆ ಪಾಠ ಶುರು.

“ಕೆಲಸದಿಂದ ಕಿತ್ತುಹಾಕೋದಕ್ಕೆ ಇಂಗ್ಲಿಷಲ್ಲಿ ಸ್ಯಾಕ್ ಮಾಡೋದು ಅಂತಾರೆ ಕಣೇ. ಸ್ಯಾಕ್ ಅಂದ್ರೆ ಚೀಲ. ಹಿಂದೆ ಕೆಲಸಗಾರ ತನ್ನ ಹತಾರ ಚೀಲದಲ್ಲಿ ತಂದು ಧಣಿ ಹತ್ರ ಇಡ್ತಿದ್ದನಂತೆ. ಧಣಿ ಅದನ್ನ ವಾಪಸ್ ಕೈಗಿಟ್ಟ ಅಂದ್ರೆ ಮುಗೀತು. ಬಾಯಿಬಿಟ್ಟು ಹೇಳೋದೇ ಬೇಡ. ನಮ್ಮ ಹಳೇ ಮೇಸ್ತ್ರಿ ಹೇಳಿದ್ದು.”

“ನಿಮ್ಮ ಮೇಸ್ತ್ರಿ ಇಂಗ್ಲಿಷ್ ಕಂಡಿದ್ದು ವಾರ್ನಿಷ್ ಡಬ್ಬದ ಮೇಲೆ” ಎನ್ನುತ್ತಿದ್ದಳು ಅವಳು.

ಸಾಯುವ ನಾಲ್ಕು ದಿನ ಮೊದಲು ಆ ಚೀಲ ಮನೆಗೆ ಬಂತು. “ಉಳಿ ಮಸೀಬೇಕು” ಎಂದ. ಸಾಣೆಕಲ್ಲು ಇದ್ದದ್ದು ಕಾರ್ಖಾನೆಯಲ್ಲಿ, ಮನೆಯಲ್ಲಲ್ಲ. ಅವಳು ಕೇಳಲಿಲ್ಲ. ಅವನು ಮಸೆಯಲೂ ಇಲ್ಲ. ಮಾರನೆಯ ದಿನವೂ ಬುತ್ತಿ ಹಿಡಿದು ಹೊತ್ತಿಗೆ ಸರಿಯಾಗಿ ಹೋದ. ನಾಲ್ಕನೆಯ ದಿನ ದಾರಿಯಲ್ಲೇ ಎದೆ ಹಿಡಿದು ಬಿದ್ದ.

ತಿಂಗಳಾದರೂ ಅವಳ ಅನುಮಾನ ಇಳಿಯಲಿಲ್ಲ. ಕಿತ್ತುಹಾಕಿದ್ದಾರೆ, ಆ ಕೊರಗೇ ಅವನನ್ನು ತಿಂದಿದೆ. ಕಾರ್ಖಾನೆಗೆ ನಡೆದಳು. ಅವಳನ್ನು ಕಂಡದ್ದೇ ಗರಗಸಗಳೆಲ್ಲ ನಿಂತವು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂದುಕೊಂಡಳು.

“ಚೀಲ ಅವರ ಕೈಗೆ ಕೊಟ್ಟಿದ್ದು ಯಾರು?”

ಧಣಿ ನೆಲ ನೋಡಿದ. ಪಾಲಿಷ್ ಹಾಕುವವನು ಎದ್ದು ಬಂದ. “ಯಾರೂ ಕೊಡ್ಲಿಲ್ಲ ಅತ್ತಿಗೆ. ಅಣ್ಣನೇ ಮೊಳೆಯಿಂದ ತಗೊಂಡ್ರು. ಈಚೆಗೆ ಅವರ ಕೈ ನಡುಗ್ತಿತ್ತು, ಉಳಿ ಹಿಡಿತಕ್ಕೆ ಸಿಗ್ತಿರಲಿಲ್ಲ. ಆಮೇಲೂ ಮೂರು ದಿನ ಬಂದ್ರು. ಆ ಹಲಗೆ ಮೇಲೆ ಕೂತು ನಮ್ಮ ಕೆಲಸ ನೋಡ್ತಾ, ಊಟ ಮಾಡಿ ಹೋಗೋರು.”

“ಸತ್ತವರ ತಲೆಗೆ ಕಟ್ಟೋದು ಸುಲಭ.”

ಧಣಿ ಒಳಗೆ ಹೋಗಿ ಅಡ್ಡಪಟ್ಟಿ ಸಮೇತ ಕುರ್ಚಿಯ ಕಾಲೊಂದನ್ನು ತಂದ. ಎರಡೂ ಕೂಡುವಲ್ಲಿ ಸಂದು ಬಿಟ್ಟಿತ್ತು. ಪಕ್ಕದಲ್ಲಿ ಪೆನ್ಸಿಲಿನ ಅರ್ಧಚಂದ್ರ, ಅವಳ ಗಂಡ ತಾನು ಮಾಡಿದ್ದರ ಮೇಲೆ ಹಾಕುತ್ತಿದ್ದ ಗುರುತು.

“ಇದನ್ನ ನೀವೇ ಗೀಚಿರಬಹುದಲ್ಲ?”

ಅವಳು ಸಂದಿಗೆ ಉಗುರು ಇಟ್ಟಳು. ಒಳಗೆ ಹೋಯಿತು. ಮನೆಯ ಮಂಚ, ಕಪಾಟು, ಕಿಟಕಿ ಎಲ್ಲ ಒರೆಸಿದವಳು ಅವಳು. ಅವನ ಕೆಲಸದಲ್ಲಿ ಉಗುರಿಗೆ ಜಾಗವೇ ಇರುತ್ತಿರಲಿಲ್ಲ. ಆಮೇಲೆ ಅರ್ಧಚಂದ್ರವನ್ನು ಕಣ್ಣಿನ ಹತ್ತಿರ ಹಿಡಿದಳು. ಗೆರೆ ಮೂರು ಕಡೆ ಮುರಿದಿತ್ತು. ಮೋಸ ಮಾಡುವವನಾಗಿದ್ದರೆ ನೆಟ್ಟಗೆ ಎಳೆದಿರುತ್ತಿದ್ದ.

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಬೇಡ ಅಂತ ನನ್ನ ಕೈ ಹಿಡ್ಕೊಂಡ್ರು ಅತ್ತಿಗೆ.”

ಅವಳು ಆ ಕಾಲನ್ನು ಕಂಕುಳಲ್ಲಿ ಇರುಕಿಕೊಂಡಳು.

“ಇದನ್ನ ಒಲೆಗೆ ಹಾಕ್ತೀನಿ. ಇನ್ಯಾರ ಕಣ್ಣಿಗೂ ಬೀಳಬಾರದು.”