ಮಗ್ಗದ ಸಪ್ಪಳದಾಗ ಇಂಗ್ಲಿಷ್

ನಾ ಸಾಲಿ ಬಿಟ್ಟಿದ್ದು ಎರಡನೇ ಕ್ಲಾಸಿನ್ಯಾಗ. ಆದ್ರೂ ಬನಹಟ್ಟ್ಯಾಗ ಇಂಗ್ಲಿಷ್ ಕಲಿಸಿದಾಂವ ನಾನ!

ನಮ್ಮ ಓಣಿ ಸಾಲಿಗೆ ಬಂದ ಹೊಸಾ ಟೀಚರು ಒಂದಿನ ಅಳುಮಾರಿ ಮಾಡಿದ್ರು. "ಅಜ್ಜಾರ, ನಾಳಿಗೆ ಸಾಲಿ ತಪಾಸಣಿಗೆ ಸಾಹೇಬ್ರು ಬಂದು ಇಂಗ್ಲಿಷ್ ಕೇಳತಾರ್ರಿ. ತಪ್ಪಾದ್ರ ಮಂದಿ ನಗ್ತಾರಂತ ಹುಡುಗ್ಯಾರು ಬಾಯಿನ ಬಿಡವಲ್ರು."

"ಇಷ್ಟಕ್ಕ ಅಳತಾರೇನ್ರಿ? ನನ್ನ ಮಗ್ಗದ ಶೆಡ್ಡಿಗೆ ಕರಕೊಂಡ ಬರ್ರಿ."

ಬಂದ್ರು. ನಾಕೂ ಪವರ್‌ಲೂಮ್ ಚಾಲೂ ಮಾಡಿ, "ಈಗ ಒದರ್ರವ್ವಾ! ನಿಮ್ಮ ತಪ್ಪು ನಿಮಗ ಕೇಳಂಗಿಲ್ಲ" ಅಂದೆ. ಎಲ್ಲಾರೂ ಗಂಟಲ ಹರಿಯೂವಂಗ ಒದರಿದ್ರು.

ಅಷ್ಟರಾಗ ಕರೆಂಟ್ ಹೋತು. ಮಗ್ಗಾನೂ ಗಪ್ಪು, ಹುಡುಗ್ಯಾರೂ ಗಪ್ಪು. ಒಂದ ದನಿ ಮಾತ್ರ ಇನ್ನೂ ಒದರಾಕತ್ತಿತ್ತು: "ಐ ಯಾಮ್ ಎ ಗುಡ್ ಗರ್ಲ್!"

ನಂದ ಅದು.

ಬಿದ್ದು ಬಿದ್ದು ನಕ್ಕರು. ಮರುದಿನ ಸಾಹೇಬ್ರ ಮುಂದ ಒಬ್ಬಾಕಿನೂ ಅಂಜಲಿಲ್ಲ. ಅಜ್ಜಗಿಂತ ದೊಡ್ಡ ತಪ್ಪು ಮಾಡಾಕ ಆಗಂಗಿಲ್ಲಂತ. ಗುರು ಅಂದ್ರ ಹಿಂಗಿರಬೇಕ್ರಿ.